ರಕ್ಷಣಾ ಆದೇಶ ಬಂತು, ಬೀರುವಿನಲ್ಲಿರುವ ಬಂದೂಕಿನ ಗತಿ ಏನು?

ಹೊಂಗೆನೆರಳು:
ಅಮೆರಿಕದ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥದ್ದು), ಗಂಡ ಅಥವಾ ಸಂಗಾತಿಯ ಹಿಂಸೆ ತಾಳದೆ ಮನೆ ಬಿಟ್ಟವರಿಗೆ ನೆರವಾಗುವ ಗುಂಪಿಗಾಗಿ ಕೇಳುತ್ತಿದ್ದೇನೆ. ಹಿಂಸೆ ಮಾಡಿದವರು ಹತ್ತಿರ ಬರದಂತೆ ಕೋರ್ಟು ರಕ್ಷಣಾ ಆದೇಶ ಕೊಡುತ್ತೆ, ಬಂದೂಕು ಇಟ್ಟುಕೊಳ್ಳಬಾರದು ಅಂತಲೂ ಬರೆದಿರುತ್ತೆ. ಬಂದೂಕು ಮಾತ್ರ ಇದ್ದಲ್ಲೇ ಇರುತ್ತೆ. ಎಲ್ಲಿ ತಪ್ಪುತ್ತಿದೆ?

ಕಟಕಟೆ:
1994ರ ಫೆಡರಲ್ (ಇಡೀ ದೇಶದ) ಕಾನೂನು, ಇಂಥ ಆದೇಶ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಪರಾಧ ಅನ್ನುತ್ತೆ ಅಷ್ಟೆ. ಹೋಗಿ ತಗೊಂಡು ಬನ್ನಿ ಅಂತ ಯಾರಿಗೂ ಹೇಳಿಲ್ಲ. ಆದೇಶ ಇದ್ದೂ ಬಂದೂಕು ಇಟ್ಟುಕೊಂಡಿದ್ದ ರಹೀಮಿ ಎಂಬಾತನ ಕೇಸಿನ 2024ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಅದನ್ನು ಎತ್ತಿಹಿಡಿಯಿತು, ಆದರೆ ಜಾರಿಯ ದಾರಿ ರಾಜ್ಯದ್ದೇ. ಇನ್ನೊಂದು ತೂತು: ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟು, ವಿಚಾರಣೆ ನಡೆದ ಮೇಲಿನ ಆದೇಶಕ್ಕೆ ಮಾತ್ರ ಈ ಕಾನೂನು ಅನ್ವಯ. ಎದುರು ಪಕ್ಷವನ್ನು ಕೇಳದೆ ಮೊದಲ ದಿನ ಕೊಡುವ ಏಕಪಕ್ಷೀಯ ತಾತ್ಕಾಲಿಕ ಆದೇಶಕ್ಕಿಲ್ಲ. ಮನೆ ಬಿಟ್ಟ ಹೊಸದರಲ್ಲೇ ಅಪಾಯ ಜಾಸ್ತಿ ಅನ್ನೋದು ನೆನಪಿರಲಿ. ಕ್ಯಾಲಿಫೋರ್ನಿಯಾ ಇದನ್ನು ಮುಚ್ಚಿದೆ: ಆದೇಶ ಕೈಗೆ ಕೊಡಲು ಬಂದ ಪೊಲೀಸರು ಕೇಳಿದರೆ ಅಲ್ಲೇ ಒಪ್ಪಿಸಬೇಕು, ಕೇಳದಿದ್ದರೂ 24 ಗಂಟೆಯೊಳಗೆ ಪೊಲೀಸರಿಗೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೋ ಕೊಡಬೇಕು, 48 ಗಂಟೆಯೊಳಗೆ ರಸೀದಿ ಕೋರ್ಟಿಗೆ ಸಲ್ಲಿಸಬೇಕು.

ಸಂಜೆಮಲ್ಲಿಗೆ:
ಅರ್ಜಿ ಬರೆಯುವ ಮೇಜಿನಲ್ಲೇ ಅರ್ಧ ಕೆಲಸ ಕೆಡುತ್ತೆ. "ಬಂದೂಕು ಇದೆಯಾ?" ಅಂದರೆ "ಗೊತ್ತಿಲ್ಲ" ಅಂತಾರೆ, ಫಾರಂ ಖಾಲಿ ಹೋಗುತ್ತೆ. ಬಿಡಿಸಿ ಕೇಳಿ. ಬೇಟೆಗೆ ಹೋಗ್ತಾರಾ? ಉದ್ದದ್ದಾ, ಸೊಂಟಕ್ಕೆ ಸಿಕ್ಕಿಸೋದಾ? ಕಾರಿನಲ್ಲಿ, ಗ್ಯಾರೇಜಿನಲ್ಲಿ, ತಮ್ಮನ ಮನೆಯಲ್ಲಿ ಇಡ್ತಾರಾ? ಗುಂಡಿನ ಡಬ್ಬಿಯ ಮೇಲೆ ಏನು ಬರೆದಿತ್ತು? ಫೋನಿನಲ್ಲಿ ಹಳೇ ಫೋಟೋ ಇದ್ದರೆ ಬಂಗಾರ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ್ದಕ್ಕೆ ಸೀರಿಯಲ್ ನಂಬರೇ ಇಲ್ಲದಿರಬಹುದು, ಆಕೆ ಹೇಳದಿದ್ದರೆ ಯಾವ ದಾಖಲೆಯಲ್ಲೂ ಸಿಗಲ್ಲ. ಆದರೆ ಆಕೆಯೇ ಮನೆಗೆ ವಾಪಸ್ ಹೋಗಿ ಹುಡುಕುವುದು ಬೇಡವೇ ಬೇಡ.

ಬಂದೂಕಿನ ವಿಷಯ ಎತ್ತಿದರೆ ಆತ ಕೆರಳಬಹುದು. ಎತ್ತಬೇಕೋ ಬೇಡವೋ, ಆಕೆಯನ್ನೇ ಕೇಳಿ. ಆದೇಶ ಆತನ ಕೈಗೆ ಕೊಡುವುದು, ಬಂದೂಕು ಪಡೆಯುವುದು ಎರಡೂ ಒಂದೇ ಭೇಟಿಯಲ್ಲಿ ಆಗುವಂತೆ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿ ಜೊತೆ ಮೊದಲೇ ಮಾತಾಡಿಡಿ, ಯಾವತ್ತು ಹೋಗ್ತಾರೆ ಅಂತ ಆಕೆಗೂ ತಿಳಿದಿರಲಿ.

ಕಟಕಟೆ:
ಮೇಲಿನದಕ್ಕೆ ಸೇರಿಸುವುದು: ಆದೇಶ ಕೊಟ್ಟ ಕೆಲವೇ ದಿನಗಳಲ್ಲಿ ಬಂದೂಕು ಒಪ್ಪಿಸಿದರಾ ಅಂತ ಕೋರ್ಟು ನೋಡುವ ಪಾಲನಾ ವಿಚಾರಣೆಗೆ ತಾರೀಕು ಹಾಕಿಸಿ. ಅರ್ಜಿಯಲ್ಲಿ 4, ರಸೀದಿಯಲ್ಲಿ 2 ಇದ್ದರೆ ಉಳಿದ 2 ಎಲ್ಲಿ ಅಂತ ಕೇಳಲು ಹೆಸರು ಹಿಡಿದು ಒಬ್ಬರನ್ನು ನೇಮಿಸಬೇಕು. "ನನ್ನ ಹತ್ತಿರ ಏನೂ ಇಲ್ಲ" ಅನ್ನುವವರಿಂದ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಅಣ್ಣನಿಗೆ ಕೊಟ್ಟೆ ಅನ್ನೋದನ್ನು ನಾನಂತೂ ಒಪ್ಪಲ್ಲ, ಸೇಫಿನ ಬೀಗದ ಕೈ ಇಬ್ಬರ ಹತ್ರಾನೂ ಇರುತ್ತೆ. ಇಡಲು ಜಾಗ ಇಲ್ಲ ಅಂತ ಶೆರಿಫ್ ಅಂದರೆ ವ್ಯಾಪಾರಿಗಳ ಜೊತೆ ಕೌಂಟಿಯೇ ಲಿಖಿತ ಒಪ್ಪಂದ ಮಾಡಿಕೊಳ್ಳಲಿ.

ಹೊಂಗೆನೆರಳು:
ಆತನೇ ಪೊಲೀಸ್ ಆಗಿದ್ದರೆ?

ಕಟಕಟೆ:
ಬರೀ ಆದೇಶವಾದರೆ ಫೆಡರಲ್ ಕಾನೂನಿನಲ್ಲಿ ಇಲಾಖೆ ಕೊಟ್ಟ ಬಂದೂಕಿಗೆ ವಿನಾಯಿತಿ ಇದೆ, ಸ್ವಂತದ್ದಕ್ಕಿಲ್ಲ. ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ, 1996ರ ತಿದ್ದುಪಡಿ ಪ್ರಕಾರ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ.

ಸಂಜೆಮಲ್ಲಿಗೆ:
ವಾಪಸ್ ಕೊಡುವುದನ್ನೂ ಈಗಲೇ ಬರೆಸಿಡಿ: ಆದೇಶ ಮುಗಿದಿದೆಯಾ, ಹೊಸ ಕೇಸ್ ಇದೆಯಾ ಅಂತ ನೋಡಿ, ಆಕೆಗೆ ತಿಳಿಸಿದ ಮೇಲಷ್ಟೇ ಕೊಡಬೇಕು ಅಂತ.