ರೋಥೆನ್‌ಬರ್ಗ್‌ಗೆ ಅಪ್ಪ-ಅಮ್ಮನ ಜೊತೆ ಒಂದು ದಿನ: ಏನು ನೋಡೋದು, ಏನು ಬಿಡೋದು?

ಮಲ್ನಾಡ್_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನಿರೋದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಶಿವಮೊಗ್ಗದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಮ್ಯೂನಿಕ್ ತೋರಿಸಿದ್ದಾಯ್ತು, ಅಲ್ಲಿ ಓಡಾಟ ಜಾಸ್ತಿಯಾಗಿ ಇಬ್ಬರೂ ಸುಸ್ತಾದರು. ಈ ಶನಿವಾರ ಕೋಟೆ ಗೋಡೆ ಇರುವ ಹಳೇ ಊರು ರೋಥೆನ್‌ಬರ್ಗ್‌ಗೆ ಹೋಗಿ, ಗಡಿಬಿಡಿ ಇಲ್ಲದೆ ತಿರುಗಾಡಿ ಬರೋಣ ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ಹಳೇ ಕೋಟೆ, ಕೆತ್ತನೆ ಅಂದ್ರೆ ಪ್ರಾಣ. ಇಬ್ಬರೂ ಮೊಟ್ಟೆ ಕೂಡ ತಿನ್ನಲ್ಲ. ಹೇಗೆ ಪ್ಲ್ಯಾನ್ ಮಾಡಲಿ?

ಫ್ರಾಂಕೋನಿಯಾ_ಕನ್ನಡಿಗ
ಒಳ್ಳೇ ಊರು ಆರಿಸಿದ್ದೀರಿ. ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡುವ ಟಿಕೆಟ್) ತಗೊಳ್ಳಿ, ಒಂದೇ ಟಿಕೆಟ್‌ನಲ್ಲಿ 5 ಜನರವರೆಗೆ ಹೋಗಬಹುದು. ಶನಿವಾರವಾದ್ರೆ ವಾರದ ದಿನಗಳ ಹಾಗೆ ಬೆಳಿಗ್ಗೆ 9 ಗಂಟೆವರೆಗೆ ಕಾಯಬೇಕಿಲ್ಲ, ಆದರೆ ಐಸಿಇ ಅನ್ನೋ ವೇಗದ ಟ್ರೈನ್ ಹತ್ತಬೇಡಿ, ಅದಕ್ಕೆ ಈ ಟಿಕೆಟ್ ನಡೆಯಲ್ಲ. ಅನ್ಸ್‌ಬಾಖ್, ಸ್ಟೈನಾಖ್ ಎರಡೂ ಕಡೆ ಟ್ರೈನ್ ಬದಲಿಸಬೇಕಾಗಬಹುದು, ಅಮ್ಮ ಇರೋದ್ರಿಂದ ನಡುವೆ ಸಾಕಷ್ಟು ಸಮಯ ಸಿಗುವ ಟ್ರೈನ್ ನೋಡಿಕೊಳ್ಳಿ. ಸ್ಟೇಷನ್‌ನಿಂದ ರೋಡರ್ ಟೋರ್ ಅನ್ನೋ ಕೋಟೆ ಬಾಗಿಲಿಗೆ ಹತ್ತು ನಿಮಿಷದ ನಡಿಗೆ.

ಅಪ್ಪನನ್ನು ಕೋಟೆ ಗೋಡೆ ಮೇಲೆ ಖಂಡಿತ ಹತ್ತಿಸಿ. ಮೇಲೆ ಹೆಂಚಿನ ಮಾಡು ಇದೆ, ಮಳೆ ಬಂದರೂ ನಡೆಯಬಹುದು. ನಡೆಯುವಾಗ ಗೋಡೆಗೆ ಕೂರಿಸಿರುವ ಕಲ್ಲುಗಳನ್ನು ಗಮನಿಸಲು ಹೇಳಿ. ಒಂದೊಂದರ ಮೇಲೂ ಒಂದು ಹೆಸರು, ಊರು, ಎಷ್ಟು ಮೀಟರ್ ಅನ್ನೋದು ಕೆತ್ತಿದೆ. 1945ರ ಮಾರ್ಚ್ 31ರಂದು ಬಾಂಬ್ ಬಿದ್ದು ಊರಿನ ಪೂರ್ವ ಭಾಗ ಸುಟ್ಟು, ಗೋಡೆಯೂ ಬಿದ್ದಿತ್ತು. ಮತ್ತೆ ಕಟ್ಟೋಕೆ ಲೋಕದ ನಾನಾ ಕಡೆಯಿಂದ ಜನ ದುಡ್ಡು ಕೊಟ್ಟರು, ಇವು ಅವರ ಹೆಸರುಗಳು. ಜಪಾನಿನವರದೂ ಬಹಳ ಇವೆ. ನನಗಂತೂ ಇಡೀ ಊರಿನಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದೇ.

ಮೆಟ್ಟಿಲು ಕಡಿದಾಗಿವೆ, ಅಮ್ಮ ಕೆಳಗಿನ ಬೀದಿಯಲ್ಲೇ ಬರಲಿ.

ಕೆತ್ತನೆ_ಪ್ರೇಮಿ
ಅಪ್ಪನಿಗೆ ಕೆತ್ತನೆ ಇಷ್ಟ ಅಂದ್ರಲ್ಲ, ಸೇಂಟ್ ಯಾಕೋಬ್ ಚರ್ಚ್ ತಪ್ಪಿಸಲೇಬೇಡಿ. ಶಿಲ್ಪಿ ಟಿಲ್ಮನ್ ರೀಮೆನ್‌ಷ್ನೈಡರ್ 1500ರ ಸುಮಾರಿಗೆ ಮರದಲ್ಲಿ ಕೆತ್ತಿದ ಬಲಿಪೀಠ ಅಲ್ಲಿದೆ, ಯೇಸುವಿನ ಕೊನೆಯ ಊಟದ ದೃಶ್ಯ. ಸಾಮಾನ್ಯವಾಗಿ ಯೇಸು ನಡುವೆ ಇರ್ತಾನೆ, ಅಲ್ವಾ? ಇಲ್ಲಿ ನಡುವೆ ನಿಂತಿರೋನು ಅವನಿಗೆ ದ್ರೋಹ ಮಾಡಿದ ಶಿಷ್ಯ ಯೂದ, ಕೈಯಲ್ಲಿ ಹಣದ ಚೀಲ. ಬಣ್ಣ ಬಳಿದಿಲ್ಲ. ಹಿಂದೆ ಪುಟ್ಟ ಕಿಟಕಿಗಳಿವೆ, ಅಲ್ಲಿಂದ ಬೆಳಕು ಬಂದು ಒಂದೊಂದು ಮುಖವೂ ಬೇರೆ ಬೇರೆಯಾಗಿ ಎದ್ದು ಕಾಣುತ್ತೆ. ನೋಡೋಕೆ ಮೆಟ್ಟಿಲು ಹತ್ತಬೇಕು, ಆದರೆ ಅಮ್ಮ ನಿಧಾನಕ್ಕೆ ಹತ್ತಿದರೂ ಸರಿ, ಅಷ್ಟು ಚೆನ್ನಾಗಿದೆ. ಟೌನ್ ಹಾಲ್ ಗೋಪುರ ಬಿಟ್ಟುಬಿಡಿ.

ಊರು ಹಳೇ ಕಾಲದ ಥರವೇ ಉಳಿದದ್ದಕ್ಕೆ ಕಾರಣ ಬಡತನ. 1631ರಲ್ಲಿ ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಸೈನ್ಯ ಬಂದು ಸುಲಿಯಿತು, 1634ರಲ್ಲಿ ಪ್ಲೇಗ್ ಬಂತು. ಆಮೇಲೆ ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಜನರ ಹತ್ತಿರ ದುಡ್ಡೇ ಇರಲಿಲ್ಲ.

ಮಲ್ನಾಡ್_ಹುಡುಗಿ
ತುಂಬಾ ಥ್ಯಾಂಕ್ಸ್! ಅಪ್ಪನಿಗೆ ಓದಿ ಹೇಳಿದೆ, ಈಗಲೇ ಹೊರಡೋಣ ಅಂತಿದ್ದಾರೆ. ಊಟಕ್ಕೆ ಏನು ಮಾಡೋದು? ಆ ಷ್ನೇಬಾಲನ್ ಅನ್ನೋ ಸಿಹಿ ತಿನ್ನಬಹುದಾ?

ಬುತ್ತಿ_ಗಂಟು
ಷ್ನೇಬಾಲನ್ ನೋಡೋಕೆ ಉಂಡೆ ಕಟ್ಟಿದ ಚಿರೋಟಿ ಥರ ಇರುತ್ತೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ಚೀಸ್ ಹಾಕಿದ ಷ್ಪೆಟ್ಸ್‌ಲೆ ಅಂತ ನೂಡಲ್ಸ್ ಥರದ್ದು ಸಿಗುತ್ತೆ, ಅದರಲ್ಲೂ ಮೊಟ್ಟೆ ಇರುತ್ತೆ, ಮಾಂಸ ಇಲ್ಲ ಅಂತ ಹೇಳಿ ತಂದಿಡ್ತಾರೆ, ಹುಷಾರು. ಚಪಾತಿ-ಪಲ್ಯ, ಮೊಸರನ್ನ ಕಟ್ಟಿಕೊಂಡು ಹೋಗಿ, ಬುರ್ಗ್‌ಗಾರ್ಟನ್‌ನಲ್ಲಿ ಕೂತು ತಿನ್ನಿ. ಹಿಂದೆ ಅಲ್ಲಿ ಕೋಟೆ ಇತ್ತು, ಈಗ ತೋಟ. ಬೆಂಚುಗಳಿವೆ, ಕೆಳಗೆ ಟೌಬರ್ ನದಿಯ ಕಣಿವೆ ಕಾಣುತ್ತೆ. ಅಮ್ಮನಿಗೆ ಒಳ್ಳೇ ವಿಶ್ರಾಂತಿ ಆಗುತ್ತೆ, ಅಷ್ಟು ಹೊತ್ತಿನಲ್ಲಿ ನೀವು ಪ್ಲೋನ್‌ಲೈನ್ ಅನ್ನೋ ಪುಟ್ಟ ಚೌಕಕ್ಕೆ ಹೋಗಿ ಫೋಟೋ ತೆಗೆದುಕೊಂಡು ಬರಬಹುದು.

ಬೀದಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ, ಚಪ್ಪಲಿ ಬೇಡ, ಮೆತ್ತನೆ ಶೂ ಹಾಕಿಸಿ. ಮಧ್ಯಾಹ್ನ ಟೂರ್ ಬಸ್ಸಿನವರು ಮಾರುಕಟ್ಟೆ ಚೌಕದ ತುಂಬ ಇರ್ತಾರೆ. ಅವರು ಹೋದ ಮೇಲೇ ಊರು ಚೆನ್ನಾಗಿ ಕಾಣೋದು, ಹಾಗಾಗಿ ನಾಲ್ಕು ಗಂಟೆಗೇ ಸ್ಟೇಷನ್‌ಗೆ ಓಡಬೇಡಿ. ರಾತ್ರಿ ಟ್ರೈನ್ ಯಾವಾಗ ಅಂತ ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ಸ್ಟೈನಾಖ್‌ನಲ್ಲಿ ತಪ್ಪಿದರೆ ಕಾಯೋದು ಕಷ್ಟ.