ಪದಚರ್ಚೆ: ಪ್ಲಾಸ್ಮಾ ಕಟ್ಟರ್ ಕೊಳ್ಳುವವರಿಗೆ ಕನ್ನಡದಲ್ಲಿ ಏನೆಂದು ಬರೆಯುವುದು?

ಮಂಡ್ಯದಿಂದ:

ಮಾನ್ಯರೇ,

ಸೋಮವಾರದೊಳಗೆ ಒಂದು ಅನುವಾದವನ್ನು ಒಪ್ಪಿಸಬೇಕಾಗಿದೆ. ಮನೆಯ ಹಿಂದೆ ಶೆಡ್ಡು ಹಾಕಿಕೊಂಡು ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು, ಆಲೆಮನೆಯ ಕೊಪ್ಪರಿಗೆ ಇವುಗಳ ಕೆಲಸ ಮಾಡುವವರು ಕಡಿಮೆ ಬೆಲೆಯ ಪ್ಲಾಸ್ಮಾ ಕಟ್ಟರ್ (ವಿದ್ಯುತ್ತು ಹೊಕ್ಕು ಕಾದ ಗಾಳಿಯ ಜ್ವಾಲೆಯಿಂದ ಲೋಹವನ್ನು ಕರಗಿಸಿ ಕತ್ತರಿಸುವ ಯಂತ್ರ) ಕೊಳ್ಳುವಾಗ ಏನೇನನ್ನು ನೋಡಿಕೊಳ್ಳಬೇಕು ಎಂದು ತಿಳಿಸುವ ಎಂಟು ಪುಟಗಳ ಕೈಪಿಡಿ ಅದು. ಅದೇ ವಾರ ನನ್ನ ಭಾವಮೈದುನನ ಶೆಡ್ಡಿಗೆ ಬೋರ್ಡನ್ನೂ ಬರೆಸಬೇಕು. ಪದ ಸಿಗದೆ ನಾಲ್ಕು ಕಡೆ ಸಿಕ್ಕಿಕೊಂಡಿದ್ದೇನೆ, ಪದಚರ್ಚೆಯ ಈ ಬಳಗದವರು ನೆರವಾಗಬೇಕು.

ಮೊದಲನೆಯದು ಯಂತ್ರದ ಹೆಸರು. ‘ಪ್ಲಾಸ್ಮಾ’ ಎಂದು ಹಾಗೆಯೇ ಬರೆದು ನೆರೆಯ ಹಿರಿಯರೊಬ್ಬರಿಗೆ ತೋರಿಸಿದಾಗ, ‘ಕೊರೊನಾ ಬಂದಾಗ ರಕ್ತದಿಂದ ತೆಗೆದು ಕೊಡ್ತಿದ್ರಲ್ಲ, ಅದಾ?’ ಎಂದು ಕೇಳಿದರು. 2020ರಲ್ಲಿ ‘ಪ್ಲಾಸ್ಮಾ ದಾನ’ ಎಂಬ ಮಾತು ಮನೆಮನೆಗೂ ತಲುಪಿತ್ತು. ಕಬ್ಬಿಣದ ಶೆಡ್ಡಿನ ಮುಂದೆ ಆ ಪದವೊಂದೇ ಇದ್ದರೆ ಸಾಲದು.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ದಪ್ಪದ ಲೆಕ್ಕ. ಭಾವಮೈದುನ ಕೊಂಡ 40 ಆಂಪಿಯರ್ ಯಂತ್ರದ ಪೆಟ್ಟಿಗೆಯ ಮೇಲೆ 12 ಮಿಲಿಮೀಟರ್ ಕತ್ತರಿಸುತ್ತದೆ ಎಂದಿತ್ತು. ಮಾರಿದವರೂ ಅದನ್ನೇ ಹೇಳಿದರು. ಟ್ರೇಲರಿನ ಕೊಕ್ಕೆಗೆಂದು ತಂದ 12 ಮಿಲಿಮೀಟರ್ ತಗಡಿನ ಮೇಲೆ ಓಡಿಸಿದಾಗ ಅದು ತುಂಡಾಗಿದ್ದು ನಿಜ, ಆದರೆ ಟಾರ್ಚು (ಜ್ವಾಲೆ ಹೊರಡುವ ಕೈಹಿಡಿ) ಬಸವನಹುಳುವಿನಂತೆ ತೆವಳಿತು, ಅಂಚು ಓರೆಯಾಗಿ ಇಳಿಯಿತು, ತಳದಲ್ಲಿ ಕರಗಿದ ಕಬ್ಬಿಣ ಬೆರಳುದಪ್ಪ ಗಡ್ಡೆಗಟ್ಟಿತು. ಗ್ರೈಂಡರ್ ಹಿಡಿದು ಅದನ್ನು ಉಜ್ಜುವುದರಲ್ಲೇ ಅರ್ಧ ಗಂಟೆ ಕಳೆಯಿತು. ಅದೇ ಯಂತ್ರ 8 ಮಿಲಿಮೀಟರನ್ನು ಚೊಕ್ಕಟವಾಗಿ ಕತ್ತರಿಸುತ್ತದೆ. ಇಂಗ್ಲಿಷಿನ ಕೈಪಿಡಿಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ಎರಡನ್ನೂ ‘ಕತ್ತರಿಸುವ ಸಾಮರ್ಥ್ಯ’ ಎಂದೇ ಬರೆದರೆ ಕೊಳ್ಳುವವನು ಮೋಸಹೋಗುತ್ತಾನೆ.

ಮೂರನೆಯದು, ಹತ್ತು ನಿಮಿಷದಲ್ಲಿ ಯಂತ್ರ ಎಷ್ಟು ಹೊತ್ತು ದುಡಿದು ಎಷ್ಟು ಹೊತ್ತು ಆರಬೇಕೆಂಬ ಶೇಕಡಾ ಲೆಕ್ಕ. ನಾಲ್ಕನೆಯದು, ಟಾರ್ಚು ತಗಡಿಗೆ ತಾಗುವ ಮೊದಲೇ ಅದರ ಮೂತಿಯಲ್ಲಿ ಹೊತ್ತಿಕೊಳ್ಳುವ ಸಣ್ಣ ವಿದ್ಯುತ್ ಜ್ವಾಲೆ, ಅಂದರೆ ಪೈಲಟ್ ಆರ್ಕ್. ಇವುಗಳಿಗೆ ಶೆಡ್ಡಿನವರಿಗೆ ಒಮ್ಮೆಗೇ ಹತ್ತುವ ಪದಗಳು ಬೇಕು.

ಮೈಸೂರು, ಸರಸ್ವತಿಪುರಂನಿಂದ:

‘ಪ್ಲಾಸ್ಮಾ’ ಬೇಡ. ಅದು ಗ್ರೀಕ್ ಪದ, ಅಚ್ಚಿನಲ್ಲಿ ರೂಪಿಸಿದ್ದು ಎಂದು ಅದರ ಅರ್ಥ. ಮಿಂಚು ಹೊಕ್ಕ ಅನಿಲಕ್ಕೆ 1928ರಲ್ಲಿ ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿ ಆ ಹೆಸರನ್ನು ಹೊಂದಿಸಿದರು. ಅವರಿಗೆ ಹೊಂದಿಸಲು ಬಂದದ್ದು ನಮಗೆ ಬಾರದೇ? ಮಿಂಚು, ಗಾಳಿ ಇವೆರಡನ್ನು ಸೇರಿಸಿ ‘ಮಿಂಗಾಳಿ’ ಎನ್ನಿ. ‘ಕತ್ತರಿಸು’ ಕೂಡ ಬೇಡ. ‘ಕತ್ತರಿ’ ಸಂಸ್ಕೃತದ ‘ಕರ್ತರಿ’ಯಿಂದ ಬಂದದ್ದು. ‘ಕೊಯ್’ ನಮ್ಮ ಧಾತು. ಆದ್ದರಿಂದ ಯಂತ್ರದ ಹೆಸರು ‘ಮಿಂಗಾಳಿ ಕೊಯ್ಲುಗ’. ತಳದಲ್ಲಿ ಗಡ್ಡೆಗಟ್ಟಿದ್ದಕ್ಕೆ ‘ಕಿಟ್ಟ’ ಎಂಬ ಅಚ್ಚಗನ್ನಡ ಪದ ಇದ್ದೇ ಇದೆ, ಅದನ್ನು ಚರ್ಚಿಸಬೇಕಾಗಿಯೂ ಇಲ್ಲ.

ಮೈಸೂರು, ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ:

‘ಮಿಂಗಾಳಿ’ ನಡೆಯದು. ಪದ ಚೆನ್ನಾಗಿಲ್ಲವೆಂದಲ್ಲ, ಅದು ದಾರಿ ತಪ್ಪಿಸುತ್ತದೆ. ಈ ಯಂತ್ರಕ್ಕೆ ಗಾಳಿಯನ್ನು ಬೇರೆಯಾಗಿಯೇ ಒದಗಿಸಬೇಕು: ನಿಮಿಷಕ್ಕೆ ನೂರು ಲೀಟರಿಗೂ ಮೇಲ್ಪಟ್ಟು, ನಾಲ್ಕೈದು ಬಾರ್ ಒತ್ತಡದಲ್ಲಿ, ಎಡೆಬಿಡದೆ. ಹೆಸರಿನಲ್ಲೇ ಗಾಳಿ ಇದ್ದರೆ ಕೊಳ್ಳುವವನು ಗಾಳಿಯೂ ಪೆಟ್ಟಿಗೆಯೊಳಗೆ ಬಂತೆಂದುಕೊಳ್ಳುತ್ತಾನೆ, ಮನೆಗೆ ತಂದ ಮೇಲೆ ಕಂಪ್ರೆಸರ್‌ಗಾಗಿ ಸಾಲ ಮಾಡುತ್ತಾನೆ. ಆ ಗಾಳಿಯಲ್ಲಿ ನೀರಿನ ಪಸೆ ಇದ್ದರಂತೂ ಟಾರ್ಚಿನೊಳಗೆ ವಿದ್ಯುತ್ ಜ್ವಾಲೆ ಹೊರಡುವ ತುಂಡು, ಅಂದರೆ ಎಲೆಕ್ಟ್ರೋಡ್, ಬೇಗ ಹಾಳಾಗುತ್ತದೆ. ತಾಮ್ರದ ಎಲೆಕ್ಟ್ರೋಡಿನ ತುದಿಯಲ್ಲಿ ಹಾಫ್ನಿಯಂ ಲೋಹದ ಸಣ್ಣ ಬೊಟ್ಟೊಂದು ಇರುತ್ತದೆ. ಪ್ರತಿ ಸಲ ಹೊತ್ತಿಸಿದಾಗಲೂ ಅದು ಒಂದಿಷ್ಟು ಸವೆದು ಗುಳಿಬೀಳುತ್ತದೆ. ಯಂತ್ರದ ಬೆಲೆ ನೋಡಿ ಹಿಗ್ಗುವ ಮೊದಲು ಆ ಎಲೆಕ್ಟ್ರೋಡು ಮತ್ತು ಜ್ವಾಲೆ ಹೊರಬರುವ ಮೂತಿಯ ನಳಿಕೆ ಮೈಸೂರಿನ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ಕೇಳಬೇಕು. ಕೈಪಿಡಿಯಲ್ಲಿ ಇವನ್ನು ‘ಸವೆಯುವ ಬಿಡಿಭಾಗ’ ಎಂದು ಬರೆಯಿರಿ, ಸಾಕು.

ಇನ್ನು ‘ಕಿಟ್ಟ’ ಅಚ್ಚಗನ್ನಡವೆಂಬ ಘೋಷಣೆ. ಆಯುರ್ವೇದದಲ್ಲಿ ‘ಲೋಹಕಿಟ್ಟ’ ಎಂಬ ಪದವಿದೆ, ಹಳೆಯ ಕಿಟ್ಟಕ್ಕೆ ‘ಮಂಡೂರ’ ಎಂಬ ಹೆಸರೂ ಇದೆ. ಹಾಗೆಂದು ಆ ಪದವನ್ನು ಶೆಡ್ಡಿನಿಂದ ಹೊರಹಾಕಬೇಕೇ? ‘ಕಾರ್ಖಾನೆ’ ಪಾರಸಿಯಿಂದ ಬಂತು, ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂತು, ಇಬ್ಬರೂ ನಮ್ಮವರೇ ಆಗಿ ದುಡಿದರು. ‘ಉಕ್ಕು’ ನಮ್ಮದು, ಇಂಗ್ಲಿಷಿನವರ ‘ವೂಟ್ಸ್’ ಅದರಿಂದಲೇ ಹುಟ್ಟಿತೆಂದು ಬಲ್ಲವರು ಹೇಳುತ್ತಾರೆ. ಕೊಡುವಾಗ ಹೆಮ್ಮೆ, ಪಡೆಯುವಾಗ ಮಡಿ ಎಂಬುದು ನನಗೆ ಒಪ್ಪಿಗೆಯಾಗದು.

ಸರಸ್ವತಿಪುರಂನಿಂದ:

ಮೇಸ್ತ್ರಿ ಬಂದಾಗ ನಮ್ಮಲ್ಲಿ ಪದ ಕಟ್ಟುವವರು ಕೇಳುವವರಿಲ್ಲದೆ ಇದ್ದರು. ಈಗ ಒಬ್ಬರು ಕೇಳುತ್ತಿದ್ದಾರೆ. ಕೇಳಿದಾಗಲೂ ಕಟ್ಟಬಾರದೆಂದರೆ ಈ ಬಳಗ ಏತಕ್ಕೆ?

ಶ್ರೀರಂಗಪಟ್ಟಣದಿಂದ:

ಹಿರಿಯರಿಬ್ಬರಲ್ಲೂ ವಿನಂತಿ: ಸೋಮವಾರ ಹತ್ತಿರವಾಗುತ್ತಿದೆ, ಕ್ರಿಯಾಪದವನ್ನು ಮೊದಲು ನೋಡೋಣ. ನಮ್ಮ ಕಡೆ ಕಬ್ಬನ್ನು ಕಡಿಯುತ್ತಾರೆ, ಭತ್ತವನ್ನು ಕುಯ್ಯುತ್ತಾರೆ, ದಿಮ್ಮಿಯನ್ನು ಮಿಲ್ಲಿಗೆ ಹಾಕಿ ಕುಯ್ಯಿಸುತ್ತಾರೆ, ಸೌದೆಯನ್ನು ಸೀಳುತ್ತಾರೆ, ಗಾಜನ್ನು ಕೊರೆಯುತ್ತಾರೆ, ಬಟ್ಟೆಯನ್ನು ಕತ್ತರಿಸುತ್ತಾರೆ. ಪ್ಲಾಸ್ಮಾದ ಜ್ವಾಲೆ ಗೆರೆ ಹಿಡಿದು ಸಾಗಿ ಗರಗಸದ ಹಾಗೆ ಕಿರಿದಾದ ಸೀಳೊಂದನ್ನು ಬಿಟ್ಟುಹೋಗುವುದರಿಂದ ‘ಕೊಯ್ಯು’ ಒಪ್ಪುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ‘ಕೊಯ್ಲು’ ಎಂದ ಕೂಡಲೇ ಮಂಡ್ಯದಲ್ಲಿ ಗದ್ದೆ ಕಣ್ಣಮುಂದೆ ಬರುತ್ತದೆ. ‘ಕೊಯ್ಲು ಯಂತ್ರ’ವೆಂದರೆ ಭತ್ತ ಕುಯ್ಯುವ ಯಂತ್ರ. ಬೋರ್ಡು ನೋಡಿ ಸುಗ್ಗಿಯಲ್ಲಿ ಬಾಡಿಗೆ ಕೇಳಲು ಜನ ಬಂದಾರು. ಲೋಹದ ಕೆಲಸಕ್ಕೆ ‘ಕೊಯ್ತ’ ಎಂದಿರಲಿ.

ಹಾಗೆ ನೋಡಿದರೆ ದಪ್ಪದ ಲೆಕ್ಕವೂ ಬಗೆಹರಿಯುತ್ತದೆ. ಅಂಚು ನೇರವಾಗಿ ಬರುವುದು ‘ಹಸನಾದ ಕೊಯ್ತದ ದಪ್ಪ’, ಹೇಗೋ ಬೇರ್ಪಡುವುದು ‘ತುಂಡಾಗುವ ದಪ್ಪ’. ‘ತುಂಡು’ ಎಂಬ ಮಾತಿನಲ್ಲಿ ಅಂದದ ಭರವಸೆ ಇಲ್ಲ, ಆದ್ದರಿಂದ ಯಾರೂ ಮೋಸಹೋಗರು. ಪೈಲಟ್ ಆರ್ಕಿಗೆ ‘ಮುಂಗಿಡಿ’ ಎನ್ನಬಹುದು. ಮುಂಗಾರು, ಮುಂಗೋಪಗಳ ಜಾಡಿನ ಪದ, ವಿವರಿಸದೆ ತಿಳಿಯುತ್ತದೆ. ದುಡಿತದ ಶೇಕಡಾ ಲೆಕ್ಕಕ್ಕೆ ಹೊಸ ಪದವೇ ಬೇಡ. ಎತ್ತು ಬಿಚ್ಚುವ ಹೊತ್ತು ಗೊತ್ತಿರುವ ಊರಿನಲ್ಲಿ ‘ದುಡಿತ–ಬಿಡುವು’ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಹೆಬ್ಬಾಳದಿಂದ:

‘ಮುಂಗಿಡಿ’ ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಕಿಡಿ ಹಾರಿಹೋಗುತ್ತದೆ, ಇದು ಆರದೆ ಉರಿಯುತ್ತ ನಿಲ್ಲುತ್ತದೆ. ಆ ಮಾತನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಮುಂಗಿಡಿ ಇಲ್ಲದ ಅಗ್ಗದ ಯಂತ್ರದಲ್ಲಿ ನಳಿಕೆಯನ್ನು ತಗಡಿಗೆ ತಾಗಿಸಿಯೇ ಹೊತ್ತಿಸಬೇಕು. ಬಣ್ಣ ಬಳಿದ ಗೇಟಿನ ಮೇಲೆ, ತುಕ್ಕು ಹಿಡಿದ ಪಟ್ಟಿಯ ಮೇಲೆ ಅದು ಮೊಂಡು ಹಿಡಿಯುತ್ತದೆ, ಜಾಲರಿಯ ಮೇಲೆ ಪ್ರತಿ ಕಂಡಿಗೂ ಆರಿಹೋಗುತ್ತದೆ. ಮನೆಯ ಶೆಡ್ಡಿಗೆ ಬರುವುದು ಹಳೆಯ ಕಬ್ಬಿಣವೇ ಹೆಚ್ಚು. ಆದ್ದರಿಂದ ನಾಲ್ಕು ಕಾಸು ಹೆಚ್ಚಾದರೂ ಮುಂಗಿಡಿ ಇರುವುದನ್ನೇ ಕೊಳ್ಳಿರೆಂದು ದಪ್ಪಕ್ಷರದಲ್ಲಿ ಹಾಕಿಸಿ.

ಮಂಡ್ಯದಿಂದ, ಮತ್ತೆ:

ಮಾನ್ಯರೇ,

ನಿಮ್ಮೆಲ್ಲರಿಗೂ ಋಣಿ. ‘ಮಿಂಗಾಳಿ’ಯನ್ನು ಕೈಬಿಟ್ಟಿದ್ದಕ್ಕೆ ಸರಸ್ವತಿಪುರಂನ ಹಿರಿಯರು ಬೇಸರಿಸಬಾರದು, ತಾವು ಕೊಟ್ಟ ‘ಕೊಯ್’ ಧಾತು ಕೈಪಿಡಿಯ ಉದ್ದಕ್ಕೂ ನಿಂತಿದೆ. ಅಂಗಡಿಗೆ ಹೋಗಿ ನಮ್ಮ ರೈತ ‘ಮಿಂಗಾಳಿ ಕೊಡಿ’ ಎಂದರೆ ಅವನಿಗೆ ಏನೂ ಸಿಗುವುದಿಲ್ಲ, ‘ಪ್ಲಾಸ್ಮಾ’ ಎಂದರೆ ಸಿಗುತ್ತದೆ. ಕೊಳ್ಳುವಾಗ ಕೇಳಬೇಕಾದ ಹೆಸರು ಮಾರುವವನ ಬಾಯಲ್ಲಿರುವ ಹೆಸರೇ ಆಗಿರಬೇಕು. ಕೊಳ್ಳುವ ಮೊದಲು ಅಳೆದು ನೋಡಬೇಕಾದ ಗುಣಗಳಿಗೆ ಮಾತ್ರ ಕೊಳ್ಳುವವನ ಮಾತೇ ಬೇಕು. ಇಡೀ ಕೈಪಿಡಿಯಲ್ಲಿ ಈ ಗೆರೆಯನ್ನು ಹಿಡಿದು ನಡೆದಿದ್ದೇನೆ.

ಮೂರನೆಯ ಪುಟದ ಕರಡು ಹೀಗಿದೆ, ತಪ್ಪಿದ್ದರೆ ಇಂದೇ ತಿದ್ದಿ:

‘ಯಂತ್ರದ ಹಿಂಬದಿಗೆ ಅಂಟಿಸಿರುವ ತಗಡಿನ ಪಟ್ಟಿಯನ್ನು ಓದದೆ ಹಣ ಕೊಡಬೇಡಿ. ಅದರಲ್ಲಿ ಎಕ್ಸ್ ಎಂಬ ಅಕ್ಷರದ ಮುಂದೆ ಬರೆದಿರುವುದು ದುಡಿತ–ಬಿಡುವಿನ ಲೆಕ್ಕ. 40 ಆಂಪಿಯರ್‌ಗೆ ಶೇ. 60 ಎಂದಿದ್ದರೆ, ಪ್ರತಿ ಹತ್ತು ನಿಮಿಷದಲ್ಲಿ ಆರು ನಿಮಿಷ ಕೊಯ್ದು ನಾಲ್ಕು ನಿಮಿಷ ಬಿಡುವು ಕೊಡಬೇಕು. ಬಿಡುವಿಲ್ಲದೆ ದುಡಿಸಬೇಕಾದರೆ ಅದೇ ಯಂತ್ರವನ್ನು ಸುಮಾರು 31 ಆಂಪಿಯರ್‌ಗೆ ಇಳಿಸಿಕೊಳ್ಳಬೇಕು. ಅದೇ ಪಟ್ಟಿಯಲ್ಲಿ 40 ಆಂಪಿಯರ್‌ಗೆ ಎದುರಾಗಿ 96 ವೋಲ್ಟ್ ಎಂದಿರುತ್ತದೆ. ಎರಡನ್ನೂ ಗುಣಿಸಿದರೆ 3840 ವ್ಯಾಟ್. ಮನೆಯ 16 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ಕೊಡಬಲ್ಲದ್ದೇ 3680 ವ್ಯಾಟ್, ಅದರಲ್ಲಿ ಯಂತ್ರ ತಾನೇ ನುಂಗುವ ಪಾಲನ್ನು ಇನ್ನೂ ಲೆಕ್ಕ ಹಿಡಿದಿಲ್ಲ. ಆದ್ದರಿಂದ ಪೂರ್ತಿ ಶಕ್ತಿಯಲ್ಲಿ ಕೊಯ್ಯಬೇಕೆಂದಿರುವವರು ಯಂತ್ರ ತರುವ ಮೊದಲೇ ವೈರಿಂಗ್ ಮಾಡುವವರನ್ನು ಕರೆಸಿ ಬೇರೆ ಲೈನು ಎಳೆಸಿಕೊಳ್ಳಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಹುಮಟ್ಟಿಗೆ ತುಂಡಾಗುವ ದಪ್ಪವೇ ಆಗಿರುತ್ತದೆ. ಹಸನಾದ ಕೊಯ್ತದ ದಪ್ಪ ಎಷ್ಟೆಂದು ಬಾಯಿಬಿಟ್ಟು ಕೇಳಿ, ಸಾಧ್ಯವಾದರೆ ನೀವು ದಿನವೂ ಬಳಸುವ ತಗಡಿನ ಚೂರೊಂದನ್ನು ಜೊತೆಗೆ ಒಯ್ದು ಅಂಗಡಿಯಲ್ಲೇ ಕೊಯ್ಸಿ ನೋಡಿ. ಅಂಚಿನಿಂದ ಅಲ್ಲದೆ ತಗಡಿನ ನಡುವೆ ತೂತು ಹೊಡೆದು ಶುರುಮಾಡುವುದಾದರೆ ಆ ದಪ್ಪ ಇನ್ನೂ ಕಡಿಮೆ.’

ಬೋರ್ಡಿನ ವಿಷಯದಲ್ಲಿ ಭಾವಮೈದುನನೊಂದಿಗೆ ನಿನ್ನೆ ರಾತ್ರಿ ಕುಳಿತು ಮಾತಾಡಿದೆ. ‘12 ಮಿ.ಮೀ.’ ಎಂದು ಬರೆಸಿದರೆ ಗಿರಾಕಿಗಳು ಹೆಚ್ಚು ಬರುತ್ತಾರೆಂದು ಅವನ ಸ್ನೇಹಿತರು ಹೇಳಿದ್ದರು. ತನಗೆ ಯಾವ ಅಂಕಿ ತೋರಿಸಿ ಮಾರಿದರೋ ಅದನ್ನೇ ತಾನು ಇನ್ನೊಬ್ಬರಿಗೆ ತೋರಿಸುವುದು ಬೇಡವೆಂದು ಅವನೇ ಹೇಳಿದ. ಬರೆಯುವವರಿಗೆ ಕೊಟ್ಟಿರುವ ಸಾಲುಗಳು ಇವು:

ಪ್ಲಾಸ್ಮಾದಿಂದ ಲೋಹ ಕೊಯ್ದುಕೊಡಲಾಗುತ್ತದೆ
ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ
ಹಸನಾದ ಕೊಯ್ತ 8 ಮಿ.ಮೀ. ವರೆಗೆ