ಗುಟ್ಟು ತಿಳಿದ ಮೇಲೂ ಹಿಡಿದಿಡುವ ಥ್ರಿಲ್ಲರ್, ಹಾರರ್ ಚಿತ್ರಗಳು ಯಾವುವು?

ಕೊನೆಯ ಸಾಲಿನ ಪ್ರೇಕ್ಷಕ

ಕೆಲವು ವರ್ಷಗಳಿಂದ ಥ್ರಿಲ್ಲರ್ ಮತ್ತು ಹಾರರ್ ಚಿತ್ರಗಳನ್ನು ಬಿಡದೆ ನೋಡುತ್ತಿರುವ ನನಗೆ ಒಂದು ಕೊರತೆ ಮತ್ತೆ ಮತ್ತೆ ಎದ್ದು ಕಾಣುತ್ತಿದೆ. ಇಂಟರ್ವಲ್‌ವರೆಗೆ ನಮ್ಮನ್ನು ತುದಿಗಾಲಲ್ಲಿ ನಿಲ್ಲಿಸುವ ಚಿತ್ರ, ಕೊಲೆಗಾರ ಯಾರು ಅಥವಾ ದೆವ್ವ ಯಾರದು ಎಂಬುದು ಗೊತ್ತಾದ ಕೂಡಲೇ ಬಿಗಿ ಕಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಾರಾದರೊಬ್ಬರು ಉದ್ದನೆಯ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಎಲ್ಲವನ್ನೂ ವಿವರಿಸುತ್ತಾ ಹೋಗುತ್ತಾರೆ, ನಾವು ಆಸಕ್ತಿಯಿಲ್ಲದೆ ಕೇಳುತ್ತಾ ಕೂರುತ್ತೇವೆ.

ಹೇಮಂತ್ ರಾವ್ ಅವರ ‘ಕವಲುದಾರಿ’ಯನ್ನು (2019) ಮೊನ್ನೆ ಎರಡನೆಯ ಬಾರಿ ನೋಡಿದೆ. ಟ್ರಾಫಿಕ್ ಪೊಲೀಸ್ ಅಧಿಕಾರಿಯೊಬ್ಬ ತನ್ನ ಕೆಲಸಕ್ಕೆ ಸಂಬಂಧಪಡದ, ನಾಲ್ಕು ದಶಕಗಳಷ್ಟು ಹಳೆಯ ಪ್ರಕರಣದ ಬೆನ್ನು ಹತ್ತುವುದು, ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್ ಅವರು ಒಲ್ಲದ ಮನಸ್ಸಿನಿಂದಲೇ ಅದರೊಳಕ್ಕೆ ಮರಳುವುದು, ಇವೆಲ್ಲ ಕೊನೆ ಗೊತ್ತಿದ್ದರೂ ನನ್ನನ್ನು ಅಲುಗಾಡಗೊಡಲಿಲ್ಲ. ಅಂಥ ಗುಣವುಳ್ಳ ಚಿತ್ರಗಳನ್ನು ದಯವಿಟ್ಟು ಸೂಚಿಸಿ. ಕನ್ನಡದ್ದೇ ಆಗಬೇಕೆಂದಿಲ್ಲ, ಆದರೆ ಕೊನೆಯ ಗುಟ್ಟನ್ನು ಮಾತ್ರ ಬಿಟ್ಟುಕೊಡಬೇಡಿ.

ತುಂಗಾತೀರ

ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ 2024ರ ‘ಶಾಖಾಹಾರಿ’ ಎಂದು ನನ್ನ ನಂಬಿಕೆ. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣ, ಪೊಲೀಸರಿಂದ ತಪ್ಪಿಸಿಕೊಂಡು ಬಂದ ಗಾಯಾಳು ಯುವಕನೊಬ್ಬನಿಗೆ ಆಸರೆ ಕೊಡುತ್ತಾನೆ. ಅಲ್ಲಿಂದ ಮುಂದೆ ನಡೆಯುವುದನ್ನು ನಿರ್ದೇಶಕ ಸಂದೀಪ್ ಸುಂಕದ್ ಅವರು ಊರಿನವರಿಂದ ಮತ್ತು ಪೊಲೀಸರಿಂದ ಮುಚ್ಚಿಡುತ್ತಾರೆಯೇ ಹೊರತು ನಮ್ಮಿಂದಲ್ಲ. ಎಲ್ಲವನ್ನೂ ಬಲ್ಲ ನಾವು ಏನೂ ಅರಿಯದ ಗಿರಾಕಿಗಳ ಪಕ್ಕದಲ್ಲೇ ಕುಳಿತಂತಾಗಿ, ಸುಬ್ಬಣ್ಣ ತಟ್ಟೆ ತಂದಿಡುವಂಥ ದಿನನಿತ್ಯದ ದೃಶ್ಯಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ಅಬ್ಬರದ ಹಾಸ್ಯ ಪಾತ್ರಗಳಲ್ಲೇ ಹೆಚ್ಚಾಗಿ ಕಂಡಿದ್ದ ರಂಗಾಯಣ ರಘು ಅವರು ಇಲ್ಲಿ ದನಿಯನ್ನೇ ಏರಿಸದೆ, ಒಳ್ಳೆಯತನ ಮತ್ತು ಭಯ ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದ್ದಾರೆ. ಅವರೆದುರು ನಿಲ್ಲುವ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ಅವರದೂ ಅಷ್ಟೇ ತೂಕದ ಅಭಿನಯ. ಆರಂಭ ನಿಧಾನ ಎನ್ನುವವರಿದ್ದಾರೆ. ಆ ಊರಿನ ಮಂದಗತಿಗೆ ಒಗ್ಗಿಕೊಳ್ಳದೆ ಮುಂದಿನ ದಿಗಿಲು ತಟ್ಟುವುದಿಲ್ಲ ಎಂಬುದು ನನ್ನ ಅನಿಸಿಕೆ.

ಡಬಲ್ ರೋಡ್ ಸವಾರ

ತುಂಗಾತೀರ ಅವರ ಆಯ್ಕೆ ನನಗೂ ಪ್ರಿಯವೇ, ಆದರೆ ಕೊನೆಯಲ್ಲಿ ಬರುವ ವಿವರಣೆಯೇ ಚಿತ್ರದ ದೋಷ ಎಂಬ ಮೂಲ ಪ್ರಶ್ನೆಯ ಧಾಟಿಯನ್ನು ಒಪ್ಪಲಾರೆ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಇತ್ತೀಚಿನದಲ್ಲವಾದರೂ ಇಲ್ಲಿ ಅದನ್ನು ಬಿಡುವಂತಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್‌ನಲ್ಲಿ ಸುತ್ತು ಉಳಿಸಿಕೊಳ್ಳಲು ವಿಭಜಕದ ಕಲ್ಲುಗಳನ್ನು ಸರಿಸಿ ಗಾಡಿ ತಿರುಗಿಸುವವರ ಬಗ್ಗೆ ಪತ್ರಿಕೆಗೆ ಬರೆಯಹೊರಟ ತರುಣಿಯೊಬ್ಬಳಿಗೆ, ಹಾಗೆ ತಿರುಗಿದವರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ ಎಂದು ತಿಳಿಯುತ್ತದೆ. ಆ ರಸ್ತೆಯಲ್ಲಿ ಓಡಾಡುವ ನನ್ನಂಥವರಿಗೆ ಇದು ದೂರದ ಕಥೆಯಲ್ಲ. ಕಲ್ಲು ಸರಿಸಿ ಹಾಗೆಯೇ ಬಿಟ್ಟು ಹೋಗುವವರನ್ನು ನಮ್ಮ ಊರಿನಲ್ಲಿ ಯಾರು ನೋಡಿಲ್ಲ?

ಇಲ್ಲಿ ಸಾವುಗಳ ಹಿಂದಿನ ಕಾರಣ ತಿಳಿಯುವ ಭಾಗವೇ ಚಿತ್ರದ ತಿರುಳು, ಏಕೆಂದರೆ ತಪ್ಪಿನ ಗಾತ್ರ ಎಷ್ಟು, ಅದಕ್ಕೆ ತಕ್ಕ ಶಿಕ್ಷೆ ಯಾವುದು ಎಂಬ ನಿಜವಾದ ಪ್ರಶ್ನೆ ಏಳುವುದು ಆಗಲೇ. ನೋಡುಗನನ್ನೂ ಆ ತಪ್ಪಿನಲ್ಲಿ ಪಾಲುದಾರನನ್ನಾಗಿಸುವ ಫ್ಲ್ಯಾಶ್‌ಬ್ಯಾಕ್ ಎಷ್ಟು ಉದ್ದವಿದ್ದರೂ ಬೇಸರ ತರಿಸದು. ಕೊನೆಗೆ ಹೊಸದಾಗಿ ಒಬ್ಬ ಕೇಡಿಗನನ್ನು ಕರೆತಂದು ಅವನ ಬಾಯಿಂದಲೇ ಕಥೆ ಹೇಳಿಸುವ ಚಿತ್ರಗಳ ಬಗ್ಗೆ ಮಾತ್ರ ನಿಮ್ಮ ದೂರು ನ್ಯಾಯವಾದದ್ದು.

ರಾತ್ರಿ ವೀಕ್ಷಕಿ

ಹಾರರ್ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಮಲಯಾಳದ ‘ಭೂತಕಾಲಂ’ (2022) ಹೆಸರಿಸುತ್ತೇನೆ. ಅಜ್ಜಿ ತೀರಿಕೊಂಡ ಮನೆಯಲ್ಲಿ ಖಿನ್ನತೆಯಿಂದ ಬಳಲುವ ತಾಯಿ ಮತ್ತು ಕೆಲಸವಿಲ್ಲದ ಮಗ ಇಬ್ಬರೇ ಉಳಿದಿರುತ್ತಾರೆ. ಅಲ್ಲಿ ಕೇಳಿಸುವ ಸದ್ದುಗಳು ಮನೆಯವೋ, ಅವರ ಮನಸ್ಸಿನವೋ ಎಂಬುದನ್ನು ನಿರ್ದೇಶಕ ರಾಹುಲ್ ಸದಾಶಿವನ್ ಅವರು ಬಹಳ ಹೊತ್ತು ತೀರ್ಮಾನಿಸದೆ ಬಿಡುತ್ತಾರೆ. ನನ್ನನ್ನು ಹೆದರಿಸಿದ್ದು ಆ ಸದ್ದುಗಳಿಗಿಂತ ಹೆಚ್ಚಾಗಿ, ತಾಯಿ ಮಗ ಒಬ್ಬರ ಮಾತನ್ನೊಬ್ಬರು ನಂಬದಿರುವುದು. ರೇವತಿ ಅವರಿಗೆ ಈ ಪಾತ್ರಕ್ಕಾಗಿ ಕೇರಳ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಬಂದಿತು, ಅದು ಸಲ್ಲಬೇಕಾದದ್ದೇ.

ಅದೇ ನಿರ್ದೇಶಕರ ‘ಭ್ರಮಯುಗಂ’ (2024) ಪೂರ್ತಿ ಕಪ್ಪು ಬಿಳುಪಿನಲ್ಲಿದೆ. ಮಮ್ಮೂಟ್ಟಿ ಅವರ ನಗುವೊಂದೇ ಸಾಕು ನಿದ್ದೆ ಕೆಡಿಸಲು. ಆದರೂ ನನ್ನ ಮತ ‘ಭೂತಕಾಲಂ’ಗೇ.

ಕಡಲ ಕರೆ

ಹಾರರ್ ಎಂದೊಡನೆ ಬರೀ ಭಯವನ್ನೇ ಎಣಿಸಬೇಕಿಲ್ಲ. ಜೆ. ಪಿ. ತೂಮಿನಾಡು ಅವರ ‘ಸು ಫ್ರಮ್ ಸೋ’ (2025) ನೋಡಿ. ಮುಜುಗರದಿಂದ ಪಾರಾಗಲು ಹುಡುಗನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರೇ ನಂಬಿಬಿಡುತ್ತದೆ. ದೆವ್ವ ಸುಳ್ಳು ಎಂಬುದು ನಮಗೆ ಮೊದಲಿನಿಂದಲೂ ಗೊತ್ತಿದ್ದರೂ ಆ ಸುಳ್ಳು ಎಲ್ಲಿಗೆ ಮುಟ್ಟುವುದೋ ಎಂಬ ಕುತೂಹಲ ಕುಂದುವುದಿಲ್ಲ. ಸತ್ತ ಸುಲೋಚನಳ ಹೆಸರಿನಲ್ಲಿ ಶುರುವಾದ ನಗೆ, ಬದುಕಿರುವ ಹೆಣ್ಣೊಬ್ಬಳ ಕಷ್ಟದ ಬಳಿಗೆ ಬಂದು ನಿಲ್ಲುತ್ತದೆ. ಆ ತಿರುವು ತುಸು ಅವಸರದ್ದು, ಇನ್ನೂ ಹತ್ತು ನಿಮಿಷ ಅಲ್ಲಿಗೇ ಕೊಡಬಹುದಿತ್ತು. ಕರಾವಳಿಯ ಮಾತಿನ ಲಯವನ್ನು ಅಣಕವಾಗದಂತೆ ಬಳಸಿಕೊಂಡಿರುವುದಂತೂ ನಮ್ಮ ಕಡೆಯವರಿಗೆ ದೊಡ್ಡ ಸಂತೋಷ.

ಕೊನೆಯ ಸಾಲಿನ ಪ್ರೇಕ್ಷಕ

ಎಲ್ಲರಿಗೂ ಧನ್ಯವಾದಗಳು. ‘ಯು ಟರ್ನ್’ ಕುರಿತ ವಾದವನ್ನು ಒಪ್ಪುತ್ತೇನೆ. ನನ್ನ ತಕರಾರು ನೋಡುಗನನ್ನು ಹೊರಗಿಟ್ಟು ಹೇಳುವ ವಿವರಣೆಯ ಮೇಲಿರಬೇಕು. ‘ಶಾಖಾಹಾರಿ’ಯನ್ನು ಮೊದಲು ನೋಡುವೆ. ರಾತ್ರಿ ವೀಕ್ಷಕಿ ಅವರೇ, ನಮ್ಮ ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ‘ಭೂತಕಾಲಂ’ ಅನ್ನು ಅಮ್ಮನ ಜೊತೆ ಕುಳಿತು ನೋಡಬಹುದೇ?

ರಾತ್ರಿ ವೀಕ್ಷಕಿ

ಈಗ ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಅಜ್ಜಿಯ ಸಾವಿನ ನಂತರ ಆ ಮನೆಯಲ್ಲಿ ಉಳಿಯುವ ಶೂನ್ಯವನ್ನು ಚಿತ್ರ ಬಹಳ ಹತ್ತಿರದಿಂದ ತೋರಿಸುತ್ತದೆ, ಅಮ್ಮನವರಿಗೆ ಅದು ನೋವು ತಂದೀತು. ಅದನ್ನು ನೀವೊಬ್ಬರೇ ನೋಡಿ. ಅವರ ಜೊತೆಗೆ ನೋಡಲು ‘ಸು ಫ್ರಮ್ ಸೋ’ ಒಳ್ಳೆಯದು.